ಮೂವರು ಹೈನ್ರಿಖ್, ಒಂದೇ ಪ್ಲೌಯೆನ್: ಯಾರು ಯಾರು?

ಪ್ರಶ್ನೆ: ಕೆಲಸದ ಮೇಲೆ ಪೋಲೆಂಡ್‌ನ ಗ್ಡಾನ್ಸ್ಕ್‌ನಲ್ಲಿದ್ದೇನೆ. ಕಳೆದ ತಿಂಗಳು ಮಾಲ್ಬೋರ್ಕ್ ಕೋಟೆ ನೋಡಿ ಬಂದೆ. 1410ರಲ್ಲಿ ಆ ಕೋಟೆಯನ್ನು ಉಳಿಸಿದವನು ಹೈನ್ರಿಖ್ ಫಾನ್ ಪ್ಲೌಯೆನ್ ಎಂದು ಗೈಡ್ ಹೇಳಿದರು. ರೂಮಿಗೆ ಬಂದು ಓದಿದರೆ, 1411ರಲ್ಲಿ ಇದೇ ಗ್ಡಾನ್ಸ್ಕ್‌ನ ಮೇಯರ್‌ಗಳನ್ನು ಕೊಲ್ಲಿಸಿದವನ ಹೆಸರೂ ಹೈನ್ರಿಖ್ ಫಾನ್ ಪ್ಲೌಯೆನ್. 1469ರಲ್ಲಿ ಟ್ಯೂಟಾನಿಕ್ ನೈಟ್‌ಗಳ ಗ್ರ್ಯಾಂಡ್ ಮಾಸ್ಟರ್ ಆದವನ ಹೆಸರೂ ಹೆಚ್ಚುಕಡಿಮೆ ಅದೇ. ಇವರೆಲ್ಲ ಒಬ್ಬನೇನಾ? ಆ ವಂಶದಲ್ಲಿ ‘ಹೈನ್ರಿಖ್ 72’ ಅಂತ ಒಬ್ಬನಿದ್ದನಂತೆ. ಒಂದೇ ಹೆಸರಿನ 72 ಜನ ಆಳಿದರಾ?

ಉತ್ತರ: ಒಬ್ಬನಲ್ಲ, ಮೂವರು. ಮೂವರೂ ಒಂದೇ ಮನೆತನದವರು. ಹೈನ್ರಿಖ್ 72 ಇದ್ದದ್ದು ನಿಜ. ಆದರೆ ಅವನಿಗಿಂತ ಮುಂಚೆ ಅದೇ ಹೆಸರಿನ 71 ಜನ ಗಾದಿಯ ಮೇಲೆ ಕೂತಿದ್ದರು ಅಂದುಕೊಳ್ಳಬೇಡಿ. ಅದು ಬೇರೆಯದೇ ಲೆಕ್ಕ, ಕೊನೆಗೆ ಬರುತ್ತೇನೆ.

ನೀವು ತಬ್ಬಿಬ್ಬಾದದ್ದರಲ್ಲಿ ತಪ್ಪೇನಿಲ್ಲ. ಈ ವಂಶದ ಕಾಗದಪತ್ರ ಓದುವಾಗ ನಾನೇ ಒಮ್ಮೆ ಅಪ್ಪನ ಸಾಲವನ್ನು ಮಗನ ಖಾತೆಗೆ ಬರೆದು, ಎರಡು ವಾರದ ಟಿಪ್ಪಣಿ ಹರಿದು ಹಾಕಿದ್ದೇನೆ. ಅಪ್ಪ ಹೈನ್ರಿಖ್, ಮಗ ಹೈನ್ರಿಖ್, ಸಾಲಕ್ಕೆ ಜಾಮೀನು ನಿಂತ ಚಿಕ್ಕಪ್ಪನೂ ಹೈನ್ರಿಖ್!

ಮೊದಲು ನಿಮ್ಮ ಮೂವರನ್ನು ಬೇರೆ ಬೇರೆ ಕೂರಿಸೋಣ.

ಮೊದಲನೆಯವನು ಹುಟ್ಟಿದ್ದು 1370ರ ಸುಮಾರಿಗೆ. ಹದಿನೈದನೆಯ ಶತಮಾನದ ಆರಂಭದಲ್ಲಿ ಟ್ಯೂಟಾನಿಕ್ ಸಂಘದಲ್ಲಿ (ಆಗ ಪ್ರಶ್ಯಾ ಸೀಮೆಯನ್ನು ಆಳುತ್ತಿದ್ದ ಜರ್ಮನ್ ಕ್ರೈಸ್ತ ಯೋಧ-ಸನ್ಯಾಸಿಗಳ ಸಂಘ, ಅದರ ಮುಖ್ಯಸ್ಥನೇ ಗ್ರ್ಯಾಂಡ್ ಮಾಸ್ಟರ್) ಒಂದೊಂದೇ ಮೆಟ್ಟಿಲು ಹತ್ತಿ, 1407ರಲ್ಲಿ ಶ್ವೆಟ್ಸ್ ಎಂಬಲ್ಲಿ ಕೋಮ್ಟೂರ್ ಆದ. ಕೋಮ್ಟೂರ್ ಅಂದರೆ ಒಂದು ಕೋಟೆ ಮತ್ತು ಅದರ ಸುತ್ತಲಿನ ಸೀಮೆಯ ಮೇಲಧಿಕಾರಿ. ದೊಡ್ಡ ಹುದ್ದೆಯೇನಲ್ಲ. 1410ರ ಜುಲೈ 15ರಂದು ಗ್ರುನ್ವಾಲ್ಡ್ ಬಯಲಿನಲ್ಲಿ ಪೋಲೆಂಡ್ ಮತ್ತು ಲಿಥುವೇನಿಯಾದ ಸೇನೆ ಟ್ಯೂಟಾನಿಕ್ ನೈಟ್‌ಗಳನ್ನು ಪುಡಿಪುಡಿ ಮಾಡಿತು. ಗ್ರ್ಯಾಂಡ್ ಮಾಸ್ಟರ್ ಉಲ್ರಿಖ್ ಫಾನ್ ಯುಂಗಿಂಗೆನ್ ಅಲ್ಲೇ ಸತ್ತ. ದೊಡ್ಡ ದೊಡ್ಡ ಅಧಿಕಾರಿಗಳೂ ಅವನ ಜೊತೆಗೇ ಹೋದರು. ನಮ್ಮ ಹೈನ್ರಿಖ್ ಆ ದಿನ ಕಣದಲ್ಲಿ ಇರಲಿಲ್ಲ. ಗಡಿ ಕಾಯಲು ಹಿಂದೆ ಉಳಿದಿದ್ದ. ಅದೇ ಅವನ ಅದೃಷ್ಟವಾಯಿತು.

ಸುದ್ದಿ ಮುಟ್ಟಿದ ಕೂಡಲೇ ತನ್ನ ಕೈಲಿದ್ದ ಜನರನ್ನು ಕಟ್ಟಿಕೊಂಡು ಮರಿಯೆನ್‌ಬುರ್ಗ್‌ಗೆ ಓಡಿದ. ಅದೇ ನೀವು ನೋಡಿ ಬಂದ ಮಾಲ್ಬೋರ್ಕ್. ಪೋಲೆಂಡ್ ದೊರೆ ಯಾಗಿಯೆಲ್ಲೊ ನಿಧಾನಕ್ಕೆ ಬರುತ್ತಿದ್ದ. ಆ ಕೆಲವೇ ದಿನಗಳಲ್ಲಿ ಹೈನ್ರಿಖ್ ಕೋಟೆಗೆ ದವಸ ತುಂಬಿಸಿದ, ಗೋಡೆ ಭದ್ರ ಮಾಡಿಸಿದ. ಶತ್ರುವಿಗೆ ಆಸರೆಯಾಗಬಾರದೆಂದು ಕೋಟೆಯ ಬುಡದಲ್ಲಿದ್ದ ಊರಿಗೇ ಬೆಂಕಿ ಇಟ್ಟ. ಜುಲೈ ಕೊನೆಯಲ್ಲಿ ಶುರುವಾದ ಮುತ್ತಿಗೆ ಸೆಪ್ಟೆಂಬರ್ 19ಕ್ಕೆ ಮುಗಿಯಿತು. ಕೋಟೆ ಬೀಳಲಿಲ್ಲ. ಬೇಸಿಗೆಯ ಊಟದ ಹಜಾರದಲ್ಲಿ ಇಡೀ ಛಾವಣಿಯನ್ನು ಹೊತ್ತು ನಿಂತ ಒಂದೇ ಒಂದು ಕಲ್ಲಿನ ಕಂಬ ನೋಡಿರಬೇಕು ಅಲ್ವಾ? ಆ ಕಂಬಕ್ಕೇ ಗುರಿ ಇಟ್ಟು ಫಿರಂಗಿ ಹಾರಿಸಿದರು, ಗುಂಡು ಗುರಿ ತಪ್ಪಿ ಗೋಡೆಗೆ ನೆಟ್ಟಿತು ಎಂಬ ಕತೆಯನ್ನು ನಿಮ್ಮ ಗೈಡೂ ಹೇಳಿರುತ್ತಾರೆ. ಕತೆ ಆ ಮುತ್ತಿಗೆಯದೇ. ನವೆಂಬರ್‌ನಲ್ಲಿ ಹೈನ್ರಿಖ್‌ನನ್ನೇ ಗ್ರ್ಯಾಂಡ್ ಮಾಸ್ಟರ್ ಮಾಡಿದರು.

ಎರಡನೆಯವನು ಇದೇ ಹೊತ್ತಿನಲ್ಲಿ ಕಾಣಿಸಿಕೊಳ್ಳುತ್ತಾನೆ, ಗೊಂದಲವೂ ಇಲ್ಲೇ ಜಾಸ್ತಿ. 1411ರ ಫೆಬ್ರವರಿ 1ರಂದು ಥಾರ್ನ್ ಎಂಬ ಊರಿನಲ್ಲಿ ಒಪ್ಪಂದವಾಯಿತು. ನೆಲ ಹೆಚ್ಚು ಹೋಗಲಿಲ್ಲ, ದುಡ್ಡು ಹೋಯಿತು. ಸೆರೆಯಾಳುಗಳ ಬಿಡುಗಡೆಗೆ 1 ಲಕ್ಷ ‘ಕೋಪ’ ಪ್ರಾಗ್ ಬೆಳ್ಳಿ ನಾಣ್ಯ ಕೊಡಬೇಕಾಯಿತು. ಕೋಪ ಅಂದರೆ 60ರ ಎಣಿಕೆ, ನಾವು ಡಜನ್ ಅನ್ನುವ ಹಾಗೆ. ಆದರೆ ಆ ಹಣಕ್ಕಾಗಿ ತೆರಿಗೆ ಹಾಕಿದಾಗ ಊರುಗಳಿಗೆ ಬಂದದ್ದು ನಮ್ಮ ಕನ್ನಡದ ಕೋಪವೇ. ಶ್ರೀಮಂತ ಬಂದರು ಡಾನ್ಸಿಗ್, ಅಂದರೆ ಈಗ ನೀವಿರುವ ಗ್ಡಾನ್ಸ್ಕ್, ಕೊಡಲ್ಲ ಅಂದಿತು.

ಡಾನ್ಸಿಗ್ ಕೋಟೆಯ ಕೋಮ್ಟೂರ್ ಆಗ ಯಾರು? ಹೈನ್ರಿಖ್ ಫಾನ್ ಪ್ಲೌಯೆನ್. ಗ್ರ್ಯಾಂಡ್ ಮಾಸ್ಟರ್ ಅಲ್ಲ, ಅವನ ಕುಟುಂಬದ ಕಿರಿಯ. ಹಲವು ಬರಹಗಳು ಇವನನ್ನು ತಮ್ಮ ಅನ್ನುತ್ತವೆ, ಕೆಲವು ದಾಯಾದಿ ಅನ್ನುತ್ತವೆ. ಇವನು 1411ರ ಏಪ್ರಿಲ್ 6ರಂದು ಮೇಯರ್‌ಗಳಾದ ಕೊನ್ರಾಡ್ ಲೆಟ್ಸ್‌ಕೌ ಮತ್ತು ಆರ್ನಾಲ್ಡ್ ಹೆಖ್ಟ್, ಜೊತೆಗೆ ನಗರಸಭೆಯ ಸದಸ್ಯ ಬಾರ್ತೊಲೊಮಾಯುಸ್ ಗ್ರೋಸ್, ಇವರನ್ನು ಮಾತುಕತೆಗೆಂದು ಕೋಟೆಗೆ ಕರೆಸಿದ. ಗ್ರೋಸ್ ಲೆಟ್ಸ್‌ಕೌನ ಅಳಿಯ. ಮೂವರೂ ಜೀವಂತವಾಗಿ ಹೊರಗೆ ಬರಲಿಲ್ಲ.

ಮನೆಗೆ ಕರೆದು ಕೊಂದ ಈ ಕೆಲಸವನ್ನು ಊರು ಮರೆಯಲಿಲ್ಲ. ಕೊಲ್ಲಿಸಿದವನ ಹೆಸರು, ಗ್ರ್ಯಾಂಡ್ ಮಾಸ್ಟರ್ ಹೆಸರು ಎರಡೂ ಒಂದೇ ಆದ್ದರಿಂದ ಹೊಣೆಯೂ ಇಬ್ಬರ ತಲೆಗೂ ಅಂಟಿತು. ಗ್ರ್ಯಾಂಡ್ ಮಾಸ್ಟರ್ ಆ ತೆರಿಗೆಯನ್ನು ಹೇರಿದ್ದು ನಿಜ, ಆದ್ದರಿಂದ ಅವನನ್ನು ಪೂರ್ತಿ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಕೋಟೆಯ ಬಾಗಿಲು ಹಾಕಿಸಿದ ಕೈ ಅವನದಲ್ಲ.

ಮೊದಲನೆಯವನ ಕೊನೆಯೂ ಚೆನ್ನಾಗಿರಲಿಲ್ಲ. 1413ರಲ್ಲಿ ಪೋಲೆಂಡ್ ಮೇಲೆ ಮತ್ತೆ ದಂಡೆತ್ತಿ ಹೋಗಲು ಹೇಳಿದ. ಅವನ ಸೇನಾಪತಿ ಮಿಖಾಯೆಲ್ ಕ್ಯೂಖ್‌ಮೈಸ್ಟರ್ ಮಾತು ಕೇಳದೆ ಅವನನ್ನೇ ಕೆಳಗಿಳಿಸಿದ, ಮಾರನೆಯ ವರ್ಷ ಅದೇ ಗಾದಿಗೆ ತಾನು ಬಂದ. ಹೈನ್ರಿಖ್ ಮೇಲೆ ಶತ್ರುಗಳ ಜೊತೆ ಸೇರಿ ಸಂಚು ಮಾಡಿದ ಆರೋಪ ಬಂತು. ವರ್ಷಗಟ್ಟಲೆ ಸೆರೆಯಲ್ಲಿ ಕೊಳೆತು, 1429ರ ಡಿಸೆಂಬರ್‌ನಲ್ಲಿ ಸತ್ತ. ಕೋಟೆ ಉಳಿಸಿದವನಿಗೆ ಸಿಕ್ಕ ಬಹುಮಾನ ಇಷ್ಟು.

ಮೂರನೆಯವನು 1469ರ ಗ್ರ್ಯಾಂಡ್ ಮಾಸ್ಟರ್. ಮೊದಲನೆಯವನೇ ಇವನಾಗಿದ್ದರೆ ಆ ಹೊತ್ತಿಗೆ ನೂರರ ಆಸುಪಾಸಿನ ಮುದುಕನಾಗಿರಬೇಕಿತ್ತು. ಇವನ ಹೆಸರನ್ನು ಇನ್ನೊಂದು ಸಲ ನೋಡಿ: ಹೈನ್ರಿಖ್ ‘ರಾಯ್ಸ್’ ಫಾನ್ ಪ್ಲೌಯೆನ್. ನಡುವೆ ಸಿಕ್ಕಿಕೊಂಡ ಆ ಒಂದು ಪದ ಗಟ್ಟಿಯಾಗಿ ಹಿಡಿದುಕೊಳ್ಳಿ. 1454ರ ಸೆಪ್ಟೆಂಬರ್‌ನಲ್ಲಿ ಕೋನಿಟ್ಸ್ ಊರು ಮುತ್ತಿಗೆಯಲ್ಲಿದ್ದಾಗ ಒಳಗಿನಿಂದ ಹೊರಗೆ ನುಗ್ಗಿ ಪೋಲಿಷ್ ಸೇನೆಯ ಬೆನ್ನಿಗೆ ಹೊಡೆದವನು ಇವನು. ಪೋಲೆಂಡ್ ಜೊತೆಗಿನ ಆ ಯುದ್ಧ 13 ವರ್ಷ ಎಳೆಯಿತು. ಅದರ ನಡುವೆ, 1457ರಲ್ಲಿ, ಸಂಬಳ ಸಿಗದ ಬಾಡಿಗೆ ಸೈನಿಕರು ಮರಿಯೆನ್‌ಬುರ್ಗ್ ಕೋಟೆಯನ್ನೇ ಪೋಲೆಂಡ್ ದೊರೆಗೆ ಮಾರಿಬಿಟ್ಟರು! ಮೊದಲನೆಯ ಹೈನ್ರಿಖ್ ಬೆಂಕಿ ಹಚ್ಚಿ ಉಳಿಸಿದ್ದನ್ನು ಹೀಗೆ ಸಂತೆಯಲ್ಲಿ ಮಾರಿದ ಹಾಗಾಯಿತು. ಮೂರನೆಯವನು 1467ರಿಂದ ಸಂಘದ ಮೇಲ್ವಿಚಾರಣೆ ನೋಡಿಕೊಂಡ, 1469ರ ಅಕ್ಟೋಬರ್‌ನಲ್ಲಿ ಗ್ರ್ಯಾಂಡ್ ಮಾಸ್ಟರ್ ಆದ, ಪೋಲೆಂಡ್ ದೊರೆಗೆ ತಲೆಬಾಗಿ ಬರುವ ದಾರಿಯಲ್ಲೇ ಕಾಯಿಲೆ ಬಿದ್ದು 1470ರ ಜನವರಿ 2ರಂದು ಸತ್ತ. ಮೂರು ತಿಂಗಳೂ ತುಂಬಿರಲಿಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆ: ಇದೆಲ್ಲ ಯಾಕೆ ಹೀಗೆ?

ಈ ಮನೆತನದ ಬೇರು ಪ್ರಶ್ಯಾದಲ್ಲಿಲ್ಲ, ಜರ್ಮನಿಯ ತುರಿಂಗಿಯಾ, ಸ್ಯಾಕ್ಸನಿ ಮತ್ತು ಬೊಹೀಮಿಯಾ (ಈಗಿನ ಚೆಕ್ ದೇಶದ ಭಾಗ) ಸೇರುವ ಗುಡ್ಡಗಾಡಿನಲ್ಲಿದೆ. ಆ ಸೀಮೆಗೆ ಇವತ್ತಿಗೂ ಫೋಗ್ಟ್‌ಲಾಂಡ್ ಅಂತಲೇ ಹೆಸರು. ಫೋಗ್ಟ್ ಎಂಬುದು ಇವರ ಪದವಿ. ಚಕ್ರವರ್ತಿಯ ಅಥವಾ ಮಠದ ಜಮೀನನ್ನು ಅವರ ಪರವಾಗಿ ನೋಡಿಕೊಂಡು, ನ್ಯಾಯ ಹೇಳಿ, ಬೇಕಾದಾಗ ದಂಡು ಕಟ್ಟುವವನು ಫೋಗ್ಟ್. ಹಳೆಯ ಮೈಸೂರಿನ ಕಡೆಯ ‘ಪಾರುಪತ್ಯಗಾರ’ ಪದ ಇದಕ್ಕೆ ತೀರಾ ಹತ್ತಿರ. ಇವರು ವೈಡಾ, ಗೇರಾ, ಪ್ಲೌಯೆನ್ ಎಂಬ ಊರುಗಳ ಪಾರುಪತ್ಯಗಾರರಾಗಿ ಶುರುಮಾಡಿ, ಕಾಲಕ್ರಮದಲ್ಲಿ ಆ ನೆಲಕ್ಕೇ ಒಡೆಯರಾದರು.

ಹೆಸರಿನ ಕತೆ ಹೈನ್ರಿಖ್ ‘ಶ್ರೀಮಂತ’ ಎಂಬವನಿಂದ ಜೋರಾಗುತ್ತದೆ. 1193ರಲ್ಲಿ ಮಿಲ್ಡೆನ್‌ಫುರ್ಟ್ ಎಂಬಲ್ಲಿ ಮಠ ಕಟ್ಟಿಸಿದವನು. ಆಗ ಚಕ್ರವರ್ತಿ ಆರನೆಯ ಹೈನ್ರಿಖ್, ಬಾರ್ಬರೋಸನ ಮಗ. ಚಕ್ರವರ್ತಿಯ ಕೃಪೆಗೆ ಋಣ ತೀರಿಸಲು ಮನೆಯ ಗಂಡುಮಕ್ಕಳಿಗೆಲ್ಲ ಅವನದೇ ಹೆಸರು ಇಡುವ ಪದ್ಧತಿ ಬಂತು ಎಂಬುದು ವಂಶದವರೇ ಹೇಳಿಕೊಂಡು ಬಂದ ಮಾತು. ‘ಶ್ರೀಮಂತ’ನ ಮೂವರು ಗಂಡುಮಕ್ಕಳೂ ಹೈನ್ರಿಖ್. ಆ ಮೂವರಿಂದ ಮೂರು ಕವಲು.

ಋಣದ ಕತೆ ಸುಳ್ಳು ಅನ್ನುವುದಿಲ್ಲ, ಆದರೆ ನನಗೆ ಅದು ಸಾಲದು. ಋಣ ತೀರಿಸಲು ಒಬ್ಬ ಮಗನಿಗೆ ಹೆಸರಿಟ್ಟರೆ ಸಾಕಲ್ಲ, ಉಳಿದವರಿಗೆ ಯಾಕೆ? ನಿಜವಾದ ಕಾರಣ ಆಸ್ತಿ ಹಂಚುವ ಕ್ರಮದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಇಂಗ್ಲೆಂಡಿನಲ್ಲಿ ಅಪ್ಪನ ಪದವಿ, ಜಮೀನು ಎರಡೂ ಹಿರಿಮಗನಿಗೆ. ಕಿರಿಯರು ಚರ್ಚಿಗೋ ದಂಡಿಗೋ ಹೋಗಬೇಕು. ಜರ್ಮನಿಯ ಬಹುಪಾಲು ಮನೆತನಗಳಲ್ಲಿ ಹಾಗಲ್ಲ. ನಮ್ಮ ಅಣ್ಣತಮ್ಮಂದಿರ ಪಾಲಿನ ಹಾಗೆ ಎಲ್ಲ ಗಂಡುಮಕ್ಕಳಿಗೂ ಹಕ್ಕು. ಪದವಿಯೂ ಎಲ್ಲರಿಗೂ. ಅಪ್ಪ ಫೋಗ್ಟ್ ಆದರೆ ನಾಲ್ಕು ಮಕ್ಕಳೂ ಫೋಗ್ಟ್. ಮುಂದೆ ಈ ವಂಶ ಕೌಂಟ್ ಪದವಿಗೆ ಏರಿದಾಗಲೂ ಅಷ್ಟೇ, ತೊಟ್ಟಿಲಲ್ಲಿದ್ದ ಕೂಸೂ ಕೌಂಟ್.

ಹೀಗಿದ್ದಾಗ ಹೆಸರು ಒಂದು ಹಕ್ಕುಪತ್ರದ ಕೆಲಸ ಮಾಡುತ್ತದೆ. ಹೈನ್ರಿಖ್ ಅನ್ನುವುದು ‘ಈ ಹುಡುಗ ಯಾರು’ ಎಂದು ಹೇಳುವುದಿಲ್ಲ, ‘ಈ ನೆಲದಲ್ಲಿ ಇವನಿಗೂ ಪಾಲಿದೆ’ ಎಂದು ಹೇಳುತ್ತದೆ. ಒಬ್ಬನಿಗೆ ಹೈನ್ರಿಖ್, ಇನ್ನೊಬ್ಬನಿಗೆ ಕೊನ್ರಾಡ್ ಅಂತ ಇಟ್ಟರೆ, ಕೊನ್ರಾಡ್ ಎಂಬವನು ಪಾದ್ರಿಯಾಗಲು ಹುಟ್ಟಿದವನು, ಅವನಿಗೆ ಪಾಲಿಲ್ಲ ಅಂತ ಯಾರಾದರೂ ವಾದ ಹೂಡಬಹುದು. ಎಲ್ಲರಿಗೂ ಒಂದೇ ಹೆಸರಿಟ್ಟರೆ ಆ ಬಾಗಿಲೇ ಮುಚ್ಚಿತು. ಇದಕ್ಕೆ ಒಂದು ಸಣ್ಣ ಸಾಕ್ಷಿ ಇದೆ. ಈ ವಂಶದ ಹೆಣ್ಣುಮಕ್ಕಳಿಗೆ ಎಂದೂ ಈ ಕಾಟ ಇರಲಿಲ್ಲ. ಎಮ್ಮಾ, ಮರೀ, ಕರೋಲೀನೆ, ಹೆರ್ಮೀನೆ, ಈಡಾ: ಕೊನೆಕೊನೆಯ ಒಂದೇ ಮನೆಯ ಐವರು ಅಕ್ಕತಂಗಿಯರ ಹೆಸರುಗಳಿವು. ಅವರ ಒಬ್ಬನೇ ಸಹೋದರ? ಹೈನ್ರಿಖ್. ಪಾಲಿಲ್ಲದವರಿಗೆ ಬೇಕಾದ ಹೆಸರು, ಪಾಲಿದ್ದವನಿಗೆ ಒಂದೇ ಹೆಸರು.

ಇವರದು ಅತಿರೇಕವೇ ಹೊರತು ವಿಚಿತ್ರವಲ್ಲ. ಪಕ್ಕದ ಶ್ವಾರ್ಟ್ಸ್‌ಬುರ್ಗ್ ಕೌಂಟ್‌ಗಳಲ್ಲಿ ಎತ್ತ ನೋಡಿದರೂ ಗ್ಯುಂಟರ್. 1349ರಲ್ಲಿ ಕೆಲವು ತಿಂಗಳು ಜರ್ಮನಿಯ ಎದುರಾಳಿ ದೊರೆಯಾಗಿದ್ದವನನ್ನು 21ನೆಯ ಗ್ಯುಂಟರ್ ಎಂದು ಎಣಿಸುತ್ತಾರೆ. ಇಂಗ್ಲೆಂಡಿನ ಪಾಸ್ಟನ್ ಕುಟುಂಬದಲ್ಲಿ 1442ರಲ್ಲಿ ಒಬ್ಬ ಜಾನ್ ಹುಟ್ಟಿದ, ಅವನು ಬದುಕಿರುವಾಗಲೇ 1444ರಲ್ಲಿ ತಮ್ಮನಿಗೂ ಜಾನ್ ಅಂತಲೇ ಹೆಸರಿಟ್ಟರು. ಇಬ್ಬರೂ ದೊಡ್ಡವರಾಗಿ ಒಬ್ಬರಿಗೊಬ್ಬರು ಕಾಗದವನ್ನೂ ಬರೆದರು.

ಹಾಗಾದರೆ ಅವರ ಕಾಲದವರು ಹೇಗೆ ಗುರುತು ಹಿಡಿಯುತ್ತಿದ್ದರು? ನಮ್ಮಲ್ಲಿ ಹಿಡಿಯುವ ಹಾಗೆಯೇ. ನಮ್ಮ ಊರಿನಲ್ಲಿ ಒಂದೇ ಅಜ್ಜನ ಹೆಸರು ಹೊತ್ತ ಮೂವರು ವೆಂಕಪ್ಪ ಇದ್ದರು. ಮೇಲಿನಮನೆ ವೆಂಕಪ್ಪ, ಕೆಳಗಿನಮನೆ ವೆಂಕಪ್ಪ, ಮೂರನೆಯವನಿಗೆ ಬರೀ ಬಾಂಬೆ. ಯಾವುದೋ ಕಾಲದಲ್ಲಿ ಎರಡು ವರ್ಷ ಅಲ್ಲಿ ಹೋಟೆಲಿನಲ್ಲಿ ಕೆಲಸ ಮಾಡಿದ್ದ, ಅಷ್ಟೇ. ಈಗ ಅವನ ಮೊಮ್ಮಕ್ಕಳ ಮನೆಗೂ ಬಾಂಬೆಯವರ ಮನೆ ಅಂತಲೇ ಹೆಸರು.

ಪ್ಲೌಯೆನ್ ಮನೆಯಲ್ಲಿ ನಡೆದದ್ದೂ ಇದೇ. ಹದಿಮೂರನೆಯ ಶತಮಾನದ ಕೊನೆಗೆ ಒಬ್ಬ ಹೈನ್ರಿಖ್‌ಗೆ ‘ಬೊಹೀಮಿಯದವನು’ ಅಂತ ಅಡ್ಡಹೆಸರು ಬಿತ್ತು. ಇನ್ನೊಬ್ಬನಿಗೆ ‘ರಾಯ್ಸ್’, ಅಂದರೆ ರೂಸ್ ಸೀಮೆಯವನು. ಪೂರ್ವದ ರುಥೇನಿಯಾ, ಅಂದರೆ ಅದೇ ರೂಸ್ ಸೀಮೆಯ, ರಾಜಮನೆತನದ ಜೊತೆ ಮದುವೆಯ ನಂಟು ಇದ್ದದ್ದರಿಂದ ಈ ಹೆಸರು ಬಂತು ಅನ್ನುತ್ತಾರೆ. 1306ರಲ್ಲಿ ಪ್ಲೌಯೆನ್ ಆಸ್ತಿ ಪಾಲಾದಾಗ ಒಂದು ಕವಲು ಪ್ಲೌಯೆನ್‌ನಲ್ಲೇ ಉಳಿಯಿತು, ರಾಯ್ಸ್ ಕವಲು ಗ್ರೈಟ್ಸ್ ಎಂಬ ಊರನ್ನು ಹಿಡಿಯಿತು. ತಮಾಷೆಗೆ ಬಿದ್ದ ಹೆಸರು ವಂಶದ ಹೆಸರೇ ಆಗಿಹೋಯಿತು, ನಮ್ಮ ಬಾಂಬೆಯವರ ಹಾಗೆ. ಹಾಗಾಗಿ ನಿಮ್ಮ ಮೂರನೆಯವನ ಹೆಸರಿನಲ್ಲಿ ‘ರಾಯ್ಸ್’ ಇದೆ.

ಕಾಗದಪತ್ರದಲ್ಲಿ ಇನ್ನೂ ಸುಲಭದ ದಾರಿ ಇತ್ತು: ಹಿರಿಯ, ನಡುವಿನವ, ಕಿರಿಯ. ಒಂದು ಪತ್ರಕ್ಕೆ ಮೂವರು ಅಣ್ಣತಮ್ಮಂದಿರು ಒಪ್ಪಿಗೆ ಹಾಕಬೇಕಾದರೆ ಮೊದಲ ಸಾಲಿನಲ್ಲೇ ಹಿರಿಯ ಹೈನ್ರಿಖ್, ನಡುವಿನ ಹೈನ್ರಿಖ್, ಕಿರಿಯ ಹೈನ್ರಿಖ್ ಅಂತ ಬರೆದು, ಕೆಳಗೆ ಮೂರು ಮೇಣದ ಮುದ್ರೆ ತೂಗುಬಿಡುತ್ತಿದ್ದರು. ಮುದ್ರೆಯ ಮೇಲೂ ಅದೇ ಸಿಂಹ, ಏನು ಮಾಡೋದು! ಇದರಲ್ಲಿ ಒಂದು ಗುಂಡಿ ಇದೆ, ಹೊಸಬರು ಬೀಳುವುದು ಅದರಲ್ಲೇ. ಹಿರಿಯ, ಕಿರಿಯ ಅನ್ನುವುದು ಆ ಹೊತ್ತಿಗೆ ಬದುಕಿರುವವರ ನಡುವಿನ ಮಾತು. ಅಪ್ಪ ಸತ್ತ ಮಾರನೆಯ ದಿನ ‘ಕಿರಿಯ’ ಇದ್ದವನು ‘ಹಿರಿಯ’ ಆಗುತ್ತಾನೆ. ಒಬ್ಬನೇ ಮನುಷ್ಯ ಹತ್ತು ವರ್ಷದ ಅಂತರದಲ್ಲಿ ಎರಡು ಪತ್ರಗಳಲ್ಲಿ ಎರಡು ಹೆಸರಿನಲ್ಲಿ ಸಿಗುತ್ತಾನೆ.

ನಮ್ಮ ಮೈಸೂರು ಅರಸರಲ್ಲೂ ಇದೇ ಉಪಾಯ. ದೊಡ್ಡ ದೇವರಾಜರ ನಂತರ 1673ರಲ್ಲಿ ಪಟ್ಟಕ್ಕೆ ಬಂದವರು ಚಿಕ್ಕದೇವರಾಜರು. ಅವರು ಮುಪ್ಪಾದರೂ ಚಿಕ್ಕದೇವರಾಜರೇ. ನಮ್ಮಲ್ಲಿ ಆ ‘ಚಿಕ್ಕ’ ಗಟ್ಟಿಯಾಗಿ ಅಂಟಿತು, ಅಲ್ಲಿ ಜಾರುತ್ತಲೇ ಇತ್ತು.

ಜಾರದೆ ನಿಂತದ್ದು ಒಂದೇ ಸಲ. ಹದಿನಾರನೆಯ ಶತಮಾನದಲ್ಲಿ ರಾಯ್ಸ್ ಮನೆಯ ಮೂವರು ಅಣ್ಣತಮ್ಮಂದಿರು 1564ರಲ್ಲಿ ಪಾಲಾದಾಗ ಅವರ ಕವಲುಗಳಿಗೆ ಹಿರಿಯ, ನಡುವಿನ, ಕಿರಿಯ ಶಾಖೆ ಎಂಬ ಹೆಸರೇ ಖಾಯಂ ಆಯಿತು. ನಡುವಿನದು 1616ಕ್ಕೆ ಮಕ್ಕಳಿಲ್ಲದೆ ಮುಗಿಯಿತು. ಹಿರಿಯ ಶಾಖೆ ಗ್ರೈಟ್ಸ್‌ನಲ್ಲಿ, ಕಿರಿಯ ಶಾಖೆ ಗೇರಾದಲ್ಲಿ 1918ರ ತನಕ ಆಳಿದವು. ಕಿರಿಯ ಶಾಖೆಯ ಮೂಲಪುರುಷ 1572ರ ಏಪ್ರಿಲ್‌ನಲ್ಲಿ ಸತ್ತ, ಮಗ ಹುಟ್ಟಿದ್ದು ಜೂನ್‌ನಲ್ಲಿ. ಹಾಗಾಗಿ ಮಗ ಹೈನ್ರಿಖ್ ‘ಪೋಸ್ಟುಮುಸ್’, ಅಪ್ಪ ಹೋದಮೇಲೆ ಹುಟ್ಟಿದವನು. ತನ್ನ ತಾಮ್ರದ ಶವಪೆಟ್ಟಿಗೆಯನ್ನು ಬದುಕಿರುವಾಗಲೇ ಮಾಡಿಸಿ, ಅದರ ಮೇಲೆ ಬೈಬಲ್ ಸಾಲುಗಳನ್ನು ಬರೆಸಿಟ್ಟಿದ್ದವನು ಇವನು. ಅವನು 1635ರಲ್ಲಿ ಸತ್ತಾಗ ಆ ಸಾಲುಗಳಿಗೆ ಸಂಗೀತ ಕೂಡಿಸಿದ ಷ್ಯೂಟ್ಸ್ ಕೂಡ ಅದೇ ಸೀಮೆಯಲ್ಲಿ ಹುಟ್ಟಿದವನು. ಅವನ ಹೆಸರು? ಬಿಡಿ, ನೀವೇ ಊಹಿಸಿರುತ್ತೀರಿ.

ಇನ್ನು 72ರ ವಿಷಯ.

ರಾಜರ ಹೆಸರಿನ ಮುಂದಿನ ಸಂಖ್ಯೆ ಬಹಳ ಸಲ ನಮ್ಮ ಅನುಕೂಲಕ್ಕೆ ಆಮೇಲೆ ಹಚ್ಚಿದ್ದು. ಇಮ್ಮಡಿ ಪುಲಿಕೇಶಿಯನ್ನೇ ತೆಗೆದುಕೊಳ್ಳಿ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಅವನನ್ನು ಸತ್ಯಾಶ್ರಯ ಎಂದು ಹೊಗಳುತ್ತಾನೆ. ‘ಎರಡನೆಯವನು’ ಎಂಬುದು ಚರಿತ್ರೆ ಬರೆಯುವವರು ಹಾಕಿಕೊಂಡ ಗುರುತು. ಪ್ಲೌಯೆನ್‌ನ ಹಳೆಯ ಹೈನ್ರಿಖ್‌ಗಳಿಗೂ ಹೀಗೇ ಆಮೇಲೆ ಸಂಖ್ಯೆ ಬಂತು. ಎಣಿಸಲು ಒಬ್ಬರು ವೈಡಾದಿಂದ ಶುರುಮಾಡಿದರೆ ಇನ್ನೊಬ್ಬರು ಪ್ಲೌಯೆನ್‌ನಿಂದ ಶುರುಮಾಡುತ್ತಾರೆ. ಆದ್ದರಿಂದ ಒಂದು ಪುಸ್ತಕದ ಮೂರನೆಯವನು ಇನ್ನೊಂದರಲ್ಲಿ ಏಳನೆಯವನಾದರೆ ಗಾಬರಿ ಬೇಡ.

ರಾಯ್ಸ್ ಮನೆಯವರು ಮಾತ್ರ ಒಂದು ಹಂತದಲ್ಲಿ ತಾವೇ ಕೂತು ನಿಯಮ ಮಾಡಿದರು. 1668ರಲ್ಲಿ ಅದು ಮನೆತನದ ಕಾನೂನಾಯಿತು. ಗಂಡುಮಕ್ಕಳೆಲ್ಲ ಹೈನ್ರಿಖ್, ಹುಟ್ಟಿದ ಕ್ರಮದಲ್ಲಿ ಒಂದೊಂದು ಸಂಖ್ಯೆ. ಗಾದಿಗೆ ಬಂದವನಿಗೆ ಮಾತ್ರ ಅಲ್ಲ, ಶಾಖೆಯಲ್ಲಿ ಹುಟ್ಟಿದ ಪ್ರತಿ ಗಂಡುಕೂಸಿಗೂ. ವಾರ ಬದುಕಿದ ಮಗುವಿಗೂ ಒಂದು ಸಂಖ್ಯೆ ಖರ್ಚಾಗುತ್ತದೆ. ಹಿರಿಯ ಶಾಖೆಯವರು 100 ಮುಟ್ಟಿದ ಮೇಲೆ ಮತ್ತೆ 1ರಿಂದ ಶುರು ಎಂದುಕೊಂಡರು. ಪಾಪ, 24ರಾಚೆ ಹೋಗಲೇ ಇಲ್ಲ. ಕಿರಿಯ ಶಾಖೆಯವರು ಸರಿಸುಮಾರು ಶತಮಾನಕ್ಕೊಮ್ಮೆ ಹೊಸ ಎಣಿಕೆ ಶುರುಮಾಡುತ್ತಿದ್ದರು. ಅವರಲ್ಲಿ ಮಕ್ಕಳು ಜಾಸ್ತಿ. ಹದಿನೆಂಟನೆಯ ಶತಮಾನದ ಎಣಿಕೆ 75ರ ವರೆಗೆ ಹೋಯಿತು.

ಇದರ ಫಲ ನೋಡಿ. ಗೇರಾದಲ್ಲಿ 1867ರಲ್ಲಿ ಸತ್ತ ದೊರೆ ಹೈನ್ರಿಖ್ 67. ಅವನ ಮಗ ಹೈನ್ರಿಖ್ 14. ಮೊಮ್ಮಗ 27. ಮರಿಮಗ 45. ಬಸ್ ನಂಬರ್ ಥರ ಕಾಣುತ್ತದೆ ಅಲ್ವಾ? ಅಪ್ಪ ಹುಟ್ಟಿದ್ದು 1789ರಲ್ಲಿ, ಹಳೆಯ ಎಣಿಕೆಯ ಕೊನೆಕೊನೆಗೆ. ಮಗ 1832ರಲ್ಲಿ, ಹೊಸ ಎಣಿಕೆಯ ಮೊದಮೊದಲಿಗೆ. ಅಷ್ಟೇ ಗುಟ್ಟು. ಇಮ್ಮಡಿ, ಮುಮ್ಮಡಿ, ನಾಲ್ವಡಿ ಅಂತ ನಮ್ಮ ಭಾಷೆಯಲ್ಲಿ ಎಷ್ಟು ಅಂದವಾಗಿ ಹೇಳುತ್ತೇವೆ. ಇವರಿಗೆ ಅದು ಸಾಲುವುದೇ ಇಲ್ಲ.

ನೀವು ಕೇಳಿದ ಹೈನ್ರಿಖ್ 72 ಕಿರಿಯ ಶಾಖೆಯ ಎಬರ್ಸ್‌ಡೋರ್ಫ್ ಕವಲಿನವನು. 1797ರಲ್ಲಿ ಹುಟ್ಟಿದ, ಅಪ್ಪ ಹೈನ್ರಿಖ್ 51. ಅಪ್ಪ ಮಗನ ನಡುವಿನ ಇಪ್ಪತ್ತು ಸಂಖ್ಯೆಗಳು ಬೇರೆ ಬೇರೆ ಊರಿನ ಚಿಕ್ಕಪ್ಪಂದಿರು, ದಾಯಾದಿಗಳ ಪಾಲಿಗೆ ಹೋದವು. ಇವನ ಒಂದು ಹಠ ಜರ್ಮನಿಯಲ್ಲಿ ನಗೆಪಾಟಲಾಗಿತ್ತು. 1844ರಲ್ಲಿ ಆಜ್ಞೆ ಹೊರಡಿಸಿ, ಇಪ್ಪತ್ತು ವರ್ಷದಿಂದ ತಾನು ಒಂದೇ ತತ್ವ ಹಿಡಿದು ಕೂತಿದ್ದೇನೆ, ಪ್ರತಿಯೊಬ್ಬರನ್ನೂ ಅವರವರ ಪದವಿಯ ಹೆಸರಿನಿಂದಲೇ ಕರೆಯಬೇಕು, ತಪ್ಪಿದರೆ ದಂಡ ಎಂದು ಹೇಳಿದ. ಎಪ್ಪತ್ತೆರಡನೆಯ ಹೈನ್ರಿಖ್‌ಗೆ ಆ ಚಿಂತೆ ಬಂದದ್ದು ಸಹಜವೇ ಅನ್ನಿ! 1848ರ ಗಲಾಟೆಯಲ್ಲಿ ಅವನೇ ಗಾದಿ ಬಿಟ್ಟ.

ಎಣಿಕೆ ಇನ್ನೂ ನಿಂತಿಲ್ಲ. 2022ರ ಡಿಸೆಂಬರ್‌ನಲ್ಲಿ ಸರ್ಕಾರ ಉರುಳಿಸುವ ಸಂಚಿನ ಆರೋಪದ ಮೇಲೆ ಜರ್ಮನಿಯಲ್ಲಿ ಬಂಧನಕ್ಕೊಳಗಾದವರಲ್ಲಿ ಹೈನ್ರಿಖ್ 13 ಎಂಬ ಹೆಸರು ಓದಿರಬಹುದು. ಅದು ಇದೇ ವಂಶ. ಆ 13 ಇಪ್ಪತ್ತನೆಯ ಶತಮಾನದ ಎಣಿಕೆಯದು.

ನಿಮಗೆ ಮುಂದೆ ಓದುವ ಆಸೆ ಇದ್ದರೆ ಒಂದು ಕೈಚಳಕ ಹೇಳುತ್ತೇನೆ. ಸಂಖ್ಯೆಯನ್ನು ನಂಬಬೇಡಿ. ನಾನು ನೋಟ್‌ಬುಕ್‌ನಲ್ಲಿ ಪ್ರತಿ ಹೈನ್ರಿಖ್‌ಗೂ ಒಂದು ಪುಟ ಬಿಟ್ಟು, ಮೇಲೆ ಮೂರೇ ವಿಷಯ ಬರೆಯುತ್ತೇನೆ: ಯಾವ ಕೋಟೆ, ಸತ್ತ ವರ್ಷ, ಹೆಂಡತಿ ಯಾರು. ಮೂರರಲ್ಲಿ ಹೆಂಡತಿಯೇ ಹೆಚ್ಚು ಉಪಯೋಗಕ್ಕೆ ಬರುವವಳು. ಗಂಡಸರೆಲ್ಲ ಹೈನ್ರಿಖ್ ಆದಾಗ ಹೊರಗಿನಿಂದ ಬಂದ ಹೆಣ್ಣುಮಕ್ಕಳ ಹೆಸರು ಒಂದೇ ಬೇರೆ ಬೇರೆ. ವರದಕ್ಷಿಣೆ, ಸ್ತ್ರೀಧನದ ಪತ್ರಗಳಲ್ಲಿ ಅವರ ಹೆಸರು ಬಂದೇ ಬರುತ್ತದೆ. ಆದರೆ ನಿಮ್ಮ ಮೂವರಿಗೆ ಈ ಮದ್ದು ನಡೆಯಲ್ಲ. ಟ್ಯೂಟಾನಿಕ್ ಸಂಘದವರು ಸನ್ಯಾಸಿಗಳ ಹಾಗೆ, ಮದುವೆ ಇಲ್ಲ. ಅವರಿಗೆ ಹುದ್ದೆ ಮತ್ತು ವರ್ಷವೇ ಗತಿ. ಶ್ವೆಟ್ಸ್ ಕೋಮ್ಟೂರ್, ಆಮೇಲೆ ಗ್ರ್ಯಾಂಡ್ ಮಾಸ್ಟರ್, 1429: ಒಬ್ಬ. ಡಾನ್ಸಿಗ್ ಕೋಮ್ಟೂರ್, 1411: ಇನ್ನೊಬ್ಬ. ‘ರಾಯ್ಸ್’ ಅಂತ ಇದ್ದು, ಸತ್ತದ್ದು 1470: ಮೂರನೆಯವನು.

ನೀವು ಗ್ಡಾನ್ಸ್ಕ್‌ನಲ್ಲೇ ಇದ್ದೀರಲ್ಲ, ಆ ಎರಡನೆಯವನ ಕೋಟೆ ಹುಡುಕಲು ಹೋಗಬೇಡಿ. 1454ರಲ್ಲಿ ಊರಿನವರು ಸಂಘದ ವಿರುದ್ಧ ಎದ್ದಾಗ ಅದನ್ನು ಕಲ್ಲು ಕಲ್ಲಾಗಿ ಕೆಡವಿಹಾಕಿದರು. ಅದರ ಬದಲು ಊರ ನಡುವಿನ ಸಂತ ಮೇರಿ ಚರ್ಚಿಗೆ ಹೋಗಿ. ಲೆಟ್ಸ್‌ಕೌ ಮತ್ತು ಹೆಖ್ಟ್ ಅವರನ್ನು ಹೂಳಿದ್ದು ಅಲ್ಲಿ.